ಅಕ್ಕನ ಫೋಟೊ, ಭಾವನ ಕುರ್ಚಿಯಿಂದ

ಫೋಟೊ ತೆಗೆಯುವುದನ್ನು ಕಲಿಸಿಕೊಡು ಎಂದು ಅಕ್ಕ ನನ್ನನ್ನು ಕೇಳಿದಾಗ ಅವಳಿಗೆ ಅರವತ್ತೊಂಬತ್ತು. ಅಲ್ಲಿಯವರೆಗೆ ಅವಳ ಫೋನಿನಲ್ಲಿದ್ದ ಚಿತ್ರಗಳಲ್ಲಿ ಹೆಚ್ಚಿನವು ನೀರಿನ ಮೀಟರು, ಔಷಧಿ ಚೀಟಿ ಮತ್ತು ಅವಳದೇ ಹೆಬ್ಬೆರಳು. ನಾನು ಒಂದು ಕನ್ನಡ ದಿನಪತ್ರಿಕೆಯ ಫೋಟೊ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೊದಲ ಅರ್ಧ ಕ್ಯಾಮೆರಾ ಹಿಡಿದು ಊರು ಸುತ್ತಿದೆ. ಉಳಿದರ್ಧ, ಬೇರೆಯವರು ತಂದ ಚಿತ್ರಗಳಲ್ಲಿ ನಾಳೆಯ ಪುಟಕ್ಕೆ ಯಾವುದು ಹೋಗಬೇಕು ಎಂದು ಆರಿಸುತ್ತ ಕುಳಿತೆ. ಅಷ್ಟು ವರ್ಷದಲ್ಲಿ ಅಕ್ಕ ನನ್ನ ಕೆಲಸದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: ಊಟ ಎಷ್ಟು ಹೊತ್ತಿಗೆ ಮಾಡ್ತೀಯ?

ಅವಳು ಈಗ ಕೇಳಿದ್ದಕ್ಕೆ ಕಾರಣ ಭಾವ. ಅವರಿಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷವಾಗಿತ್ತು. ಮೊದಲು ದಿನ, ವಾರ ಮರೆತರು. ಆಮೇಲೆ ದಾರಿ ಮರೆತರು. ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಕೆಳಗೆ ನಿಂತು, ನಲವತ್ತು ವರ್ಷದಿಂದ ಇರುವ ಮನೆ ಯಾವ ಕಡೆ ಎಂದು ಹೂವಿನವಳನ್ನು ಕೇಳಿದ್ದರು. ಆಮೇಲೆ ಮುಖಗಳು ಹೋಗತೊಡಗಿದವು. ನನ್ನನ್ನು ಗುರುತಿಸುತ್ತಿದ್ದರು, ಮಗಳನ್ನು ಸ್ವಲ್ಪ ಯೋಚಿಸಿ ಗುರುತಿಸುತ್ತಿದ್ದರು. ಅಕ್ಕನನ್ನು ಮಾತ್ರ ಇಲ್ಲ. ಹೀಗೂ ಆಗುತ್ತದೆ, ಅವರ ತಲೆಯಲ್ಲಿರುವ ಹೆಂಡತಿಗೆ ಮೂವತ್ತು ವರ್ಷ ಇರಬಹುದು, ಎದುರಿಗೆ ಬರುತ್ತಿರುವವರಿಗೆ ಎಪ್ಪತ್ತು ಎಂದು ವೈದ್ಯರು ಹೇಳಿದರು.

ಇದರಿಂದ ಆದ ತೊಂದರೆ ಬಹಳ ಸರಳವಾದದ್ದು. ಭಾವ ಮರ್ಯಾದಸ್ಥರು. ಗೊತ್ತಿಲ್ಲದ ಹೆಂಗಸೊಬ್ಬರು ಬಚ್ಚಲಮನೆಗೆ ಬಂದು ತಮ್ಮ ಅಂಗಿಯ ಗುಂಡಿಗೆ ಕೈ ಹಾಕಿದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. “ಅಮ್ಮಾ, ತಪ್ಪು ತಿಳ್ಕೋಬೇಡಿ, ನೀವು ಆಚೆ ಹೋಗಿ” ಎಂದು ಕೈ ತಳ್ಳುತ್ತಿದ್ದರು. ಒಂದೆರಡು ಸಲ ತಳ್ಳಿದ್ದು ಜೋರಾಗಿತ್ತು. ಅಕ್ಕನ ಮೊಣಕೈ ನೀಲಿಗಟ್ಟಿತು. ಒಬ್ಬ ಗಂಡಾಳನ್ನು ಇಟ್ಟು ನೋಡಿದರು. ಮನೆಗೆ ಕಳ್ಳ ನುಗ್ಗಿದ್ದಾನೆ ಎಂದು ಭಾವ ಬಾಲ್ಕನಿಯಿಂದ ಬೀದಿಗೆ ಕೂಗಿದರು. ನಾನು ಬಸವೇಶ್ವರನಗರದಿಂದ ವಾರಕ್ಕೆ ಎರಡು ದಿನ ಹೋಗಿ ಸ್ನಾನ ಮಾಡಿಸಿ ಬರುತ್ತಿದ್ದೆ. ಉಳಿದ ಐದು ದಿನ ಸ್ನಾನವಿಲ್ಲ, ಬಟ್ಟೆ ಬದಲಿಲ್ಲ. ಹೀಗೇ ಆದರೆ ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ ಎಂದು ಮಗಳು ಹೇಳಿದ್ದಳು.

ವೈದ್ಯರು ಒಂದು ಸಲಹೆ ಕೊಟ್ಟರು. ಮನೆಯವರ, ಸುತ್ತಮುತ್ತಲಿನವರ ಈಗಿನ ಫೋಟೊಗಳನ್ನು ಒಂದು ಹಾಳೆಗೆ ಒಂದರಂತೆ ಅಂಟಿಸಿ ಆಲ್ಬಮ್ ಮಾಡಿ, ದಿನಾ ಕೂತು ತೋರಿಸಿ, ಕೆಲವರಿಗೆ ಪ್ರಯೋಜನವಾಗುತ್ತದೆ, ಕೆಲವರಿಗೆ ಇಲ್ಲ ಎಂದರು. ಅಕ್ಕ ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡು ಮನೆಗೆ ಬಂದಳು.

“ಬಟನ್ ಎಲ್ಲಿದೆ ಅಂತ ನಂಗೊತ್ತು. ಅದನ್ ಬಿಟ್ಟು ಮಿಕ್ಕಿದ್ದು ಹೇಳು” ಎಂದಳು.

“ಮೊದ್ಲು ಲೆನ್ಸ್ ಒರೆಸಕ್ಕ.”

ಅವಳು ಫೋನ್ ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿದಳು. ಸೆರಗಿನ ಮೇಲೆ ಒಗ್ಗರಣೆ ಎಣ್ಣೆಯ ಒಂದು ಸಣ್ಣ ಬಿಲ್ಲೆ ಮೂಡಿತು. ಆ ಫೋನು ಹಗಲೆಲ್ಲ ಒಲೆಯ ಪಕ್ಕದ ಕಲ್ಲಿನ ಮೇಲೆ ಇರುತ್ತಿತ್ತು. ಓದುಗರು ಪತ್ರಿಕೆಗೆ ಕಳಿಸುತ್ತಿದ್ದ ಚಿತ್ರಗಳಲ್ಲಿ ಅರ್ಧಕ್ಕರ್ಧ ಮಂಜು ಕವಿದಂತೆ ಇರುತ್ತಿದ್ದದ್ದು ಇದೇ ಕಾರಣಕ್ಕೆ. ಒಳ್ಳೆಯ ಫೋನು ಯಾವುದು ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಇರುವ ಫೋನನ್ನು ಒರೆಸಿ ಎಂದು ಹೇಳಿದರೆ ಅವರಿಗೆ ನಿರಾಶೆಯಾಗುತ್ತಿತ್ತು.

ಎರಡನೆಯ ಪಾಠ ಬೆಳಕು. ಅಕ್ಕನ ಮನೆ ಮೊದಲ ಮಹಡಿಯಲ್ಲಿದೆ. ಎದುರಿನ ನಾಲ್ಕಂತಸ್ತಿನ ಕಟ್ಟಡ ಮತ್ತು ಅದರ ಪಕ್ಕದ ನೀರಿನ ಟ್ಯಾಂಕಿನ ನಡುವೆ ಇರುವ ಸಂದಿಯಿಂದ ಬೆಳಿಗ್ಗೆ ಒಂಬತ್ತರ ನಂತರ ಒಂದು ಗಂಟೆ ಕಾಲ ಹಜಾರಕ್ಕೆ ಬಿಸಿಲು ಬರುತ್ತದೆ, ಮತ್ತೆ ಇಲ್ಲ. ಅಷ್ಟು ಹೊತ್ತಿನಲ್ಲೇ ಕೆಲಸ ಮುಗಿಸಬೇಕು, ಟ್ಯೂಬ್‌ಲೈಟ್ ಆರಿಸಬೇಕು, ಕಿಟಕಿ ನಿನ್ನ ಪಕ್ಕದಲ್ಲಿರಬೇಕು, ಎದುರಿಗೆ ಕೂತವರ ಮುಖಕ್ಕೆ ಬೆಳಕು ಓರೆಯಾಗಿ ಬೀಳಬೇಕು ಎಂದು ಹೇಳಿದೆ. ಮೊದಲ ಚಿತ್ರದಲ್ಲಿ ನನ್ನ ಮುಖದ ತುಂಬ ಕಿಟಕಿಯ ಸರಳುಗಳ ನೆರಳು ಬಿತ್ತು.

“ಜೈಲಲ್ಲಿ ಇದ್ದಂಗೆ ಇದೀಯ” ಎಂದು ಅಕ್ಕ ನಕ್ಕಳು.

ಭಾವನ ಒಗೆದ ಬಿಳಿ ಪಂಚೆಯೊಂದನ್ನು ಕಿಟಕಿಗೆ ಅಡ್ಡ ಕಟ್ಟಿದೆವು. ನೆರಳು ಹೋಯಿತು, ಬೆಳಕು ಉಳಿಯಿತು. ಸ್ಟುಡಿಯೊಗಳಲ್ಲಿ ಇದೇ ಕೆಲಸಕ್ಕೆ ದೊಡ್ಡ ಬಿಳಿ ಕೊಡೆಗಳನ್ನು ಇಟ್ಟಿರುತ್ತಾರೆ. ಪಂಚೆ ಅದಕ್ಕಿಂತ ಏನೂ ಕಡಿಮೆಯಿಲ್ಲ.

ಮಿಕ್ಕ ಪಾಠಗಳು ಒಂದೊಂದಾಗಿ, ಅವಳ ಕೆಲಸದ ನಡುವೆ ಆದವು. ಹತ್ತಿರದಿಂದ ಬೇಕಾದರೆ ಬೆರಳಿನಿಂದ ಹಿಗ್ಗಿಸಬಾರದು, ಎರಡು ಹೆಜ್ಜೆ ನಡೆಯಬೇಕು. ಮುಖಕ್ಕಿಂತ ಮೊದಲು ಮುಖದ ಹಿಂದೆ ಏನಿದೆ ನೋಡಬೇಕು. ಈ ಎರಡನೆಯದು ಅವಳಿಗೆ ಎಲ್ಲಕ್ಕಿಂತ ಹಿಡಿಸಿತು. ಪಕ್ಕದ ಮನೆಯವರ ತಲೆಯಿಂದ ಫ್ಯಾನ್ ಬೆಳೆದಿದೆ, ಮಗಳ ಕಿವಿಗೆ ಕ್ಯಾಲೆಂಡರ್ ನೇತುಬಿದ್ದಿದೆ ಎಂದು ತಾನೇ ಹುಡುಕಿ ನಗುತ್ತಿದ್ದಳು. ಕೈ ಅಲುಗದಿರಲು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಪೂರ್ತಿ ಬಿಟ್ಟು, ಆಗ ಒತ್ತು ಎಂದೆ.

“ಪ್ರಾಣಾಯಾಮ ಹೇಳ್ಕೊಡ್ತಿದೀಯೋ, ಫೋಟೊನೋ?”

“ಎರಡೂ ಒಂದೇ ಅಂದ್ಕೊ.”

“ಹಂಗಾದ್ರೆ ನೀನು ಇಷ್ಟ್ ವರ್ಷ ಫೋಟೊ ತೆಗ್ದೂ ಬಿಪಿ ಯಾಕೋ ಬಂತು?”

ಮುಖವನ್ನು ನುಣುಪು ಮಾಡುವ ಸೌಲಭ್ಯವೊಂದು ಅವಳ ಫೋನಿನಲ್ಲಿ ಸದಾ ಚಾಲೂ ಇತ್ತು. ಮಗಳು ಹಾಕಿಕೊಟ್ಟದ್ದು. ಅದನ್ನು ತೆಗೆಸಿದೆ. ಮುಖ ಗುರುತು ಸಿಗಬೇಕಾದವರಿಗೆ ತೋರಿಸುವ ಫೋಟೊದಲ್ಲಿ ಮಚ್ಚೆ, ಸುಕ್ಕು, ಕಲೆ ಒಂದೂ ಹೋಗಬಾರದು ಎಂದು ವಿವರಿಸಿದೆ. ಇದನ್ನು ಹೇಳಿದವನು ನಾನೇ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಅಕ್ಕ ಮೊದಲು ಟೊಮೆಟೊ, ತೆಂಗಿನಕಾಯಿಗಳ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಬೀದಿಗೆ ಇಳಿದಳು. ‘ಸ್ವಲ್ಪ ನಗಿ’ ಎಂದರೆ ಯಾರೂ ನಗುವುದಿಲ್ಲ, ಹಲ್ಲು ತೋರಿಸುತ್ತಾರೆ. ಏನಾದರೂ ಮಾತಾಡಿಸಿ, ಅವರು ಉತ್ತರ ಹೇಳಲು ಬಾಯಿ ತೆರೆಯುವ ಮೊದಲು ಒತ್ತು ಎಂದು ನಾನು ಹೇಳಿದ್ದೆ. ನಿಲ್ದಾಣದ ಕೆಳಗಿನ ಹೂವಿನವಳ ಮುಂದೆ ನಿಂತು ಅವಳು ಕೇಳಿದ್ದು ಹೀಗೆ:

“ಏನಮ್ಮಾ, ದಿನಾ ಮೊಳ ಗಿಡ್ಡ ಆಗ್ತಿದೆ? ನಿನ್ ಕೈ ಬೆಳೆಯೋದ್ ಬಿಟ್ಟು ಸಣ್ಣದಾಗ್ತಿದ್ಯಾ?”

ಹೂವಿನವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ಚಿತ್ರವನ್ನು ನನ್ನ ಮೇಜಿಗೆ ಯಾರಾದರೂ ತಂದಿದ್ದರೆ ಮುಖಪುಟಕ್ಕೆ ಹಾಕುತ್ತಿದ್ದೆ.

ಒಂದು ತಿಂಗಳಲ್ಲಿ ಆಲ್ಬಮಿನ ಹತ್ತು ಹಾಳೆ ತುಂಬಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಭಾವನ ಪಕ್ಕ ಕೂತು ಅಕ್ಕ ಹಾಳೆ ತಿರುಗಿಸುತ್ತಿದ್ದಳು. ಯಾರೋ ಮನೆಗೆ ಬಂದು ತೋರಿಸುತ್ತಿದ್ದಾರೆ ಎಂಬ ಸೌಜನ್ಯದಿಂದ ಭಾವ ನೋಡುತ್ತಿದ್ದರು. ಮಗಳ ಫೋಟೊಗೆ “ಬ್ಯಾಂಕಲ್ಲಿ ಇದಾಳೆ” ಎಂದರು. ನನ್ನದಕ್ಕೆ “ಪೇಪರ್‌ನೋನು” ಎಂದರು. ಹೂವಿನವಳ ಹಾಳೆ ಬಂದಾಗ ಗಂಭೀರವಾಗಿ, “ಇವಳು ಮೊಳ ಕಮ್ಮಿ ಹಾಕ್ತಾಳೆ” ಎಂದರು. ಅಕ್ಕ ಅಡುಗೆಮನೆಗೆ ಓಡಿಬಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಎಂದೋ ಕಲಿತದ್ದಲ್ಲ, ಹಾಳೆ ತೋರಿಸುವಾಗ ಅಕ್ಕ ಹೇಳಿದ್ದ ಈಚಿನ ವಿಷಯ ಅದು. ಹಾಗಾದರೆ ಇನ್ನೂ ಒಳಗೆ ಏನೋ ಹೋಗುತ್ತಿದೆ ಎಂದಾಯಿತು.

“ಇನ್ನ ನಂದು ಹಾಕ್ಬೇಕು. ನೀನೇ ತೆಗೀಬೇಕು. ದೊಡ್ಡ ಕ್ಯಾಮೆರಾ ತಗೊಂಡ್ ಬಾ” ಎಂದಳು. ಎಲ್ಲ ಹಾಳೆಗಳೂ ಈ ಒಂದು ಹಾಳೆಗಾಗಿ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ನಾನು ಚೀಲದ ತುಂಬ ಸಾಮಾನು ತಂದೆ. ಅಕ್ಕ ಪೂಜೆ ಮುಗಿಸಿ, ಹಣೆಯ ಉದ್ದಕ್ಕೂ ವಿಭೂತಿ ಬಳಿದುಕೊಂಡು, ರೇಷ್ಮೆ ಸೀರೆ ಉಟ್ಟು ಕಿಟಕಿಯ ಹತ್ತಿರ ನಿಂತಳು. ಕ್ಯಾಮೆರಾದಲ್ಲಿ ನೋಡಿದಾಗ ನನ್ನ ಹಳೆಯ ಅಭ್ಯಾಸ ಎಚ್ಚರವಾಯಿತು. ಪತ್ರಿಕೆಯ ಕಾಗದದಲ್ಲಿ ವಿಭೂತಿ ಧರಿಸಿದವರ ಹಣೆ ಬರೀ ಬಿಳಿ ತೇಪೆಯಾಗಿ ಅಚ್ಚಾಗುತ್ತದೆ. ಸ್ವಾಮಿಗಳ, ಭಕ್ತರ ಚಿತ್ರಗಳಲ್ಲಿ ಇದಕ್ಕಾಗಿ ನಾವು ಎಷ್ಟೋ ಸಲ ಮುದ್ರಣದವರೊಡನೆ ಜಗಳವಾಡಿದ್ದೆವು.

“ವಿಭೂತಿ ಸ್ವಲ್ಪ ತೆಳು ಮಾಡ್ಕೊ ಅಕ್ಕ, ಬಿಳಿ ಹೊಡೀತಿದೆ.”

“ಪೂಜೆ ಮಾಡಿ ಹಚ್ಕೊಂಡಿದ್ದನ್ನ ಒರ್ಸೋದೇನೋ?”

“ಒರೆಸ್ಬೇಡ. ತೆಳು ಮಾಡು ಅಷ್ಟೆ.”

ಅವಳು ಕನ್ನಡಿಯ ಮುಂದೆ ನಿಂತು ಬೆರಳಿನಿಂದ ಸವರಿ ಸವರಿ ತೆಳು ಮಾಡಿಕೊಂಡಳು. ಕನ್ನಡಕದ ಗಾಜಿನಲ್ಲಿ ಕಿಟಕಿ ಹೊಳೆಯುತ್ತಿತ್ತು, ಅದನ್ನು ತೆಗೆಸಿದೆ. ಗದ್ದ ಸ್ವಲ್ಪ ಎತ್ತಿಸಿದೆ. ಹಿಂದಿನ ಗೋಡೆ, ಷೋಕೇಸು, ಕ್ಯಾಲೆಂಡರು ಎಲ್ಲ ಕರಗಿಹೋಗುವಂತೆ ಲೆನ್ಸ್ ಹೊಂದಿಸಿದೆ. ಒಳ್ಳೆಯ ಚಿತ್ರ ಬಂತು. ಮಗಳು ಅದನ್ನು ತನ್ನ ವಾಟ್ಸಪ್ಪಿಗೆ ಹಾಕಿಕೊಂಡಳು, ನೆಂಟರೆಲ್ಲ ಹೊಗಳಿದರು. ಹನ್ನೊಂದನೆಯ ಹಾಳೆಗೆ ಅಂಟಿಸಿದೆವು.

ಭಾವನ ವೃತ್ತಿಯ ಬಗ್ಗೆ ಇಲ್ಲಿ ಹೇಳಬೇಕು. ಅವರು ಸರ್ಕಾರಿ ಇಲಾಖೆಯೊಂದರಲ್ಲಿ ಗೆಜೆಟೆಡ್ ಅಧಿಕಾರಿಯಾಗಿದ್ದರು. ಕಾಗದಪತ್ರಗಳನ್ನು ಅಧಿಕಾರಿಯೇ ದೃಢೀಕರಿಸಬೇಕಾಗಿದ್ದ ಕಾಲದಲ್ಲಿ, ಭಾನುವಾರ ಬೆಳಿಗ್ಗೆ ಆ ಬೀದಿಯ ಹುಡುಗ ಹುಡುಗಿಯರು ಅರ್ಜಿ ಹಿಡಿದು ಅವರ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಫೋಟೊ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಹಸಿರು ಶಾಯಿಯಲ್ಲಿ ಸಹಿ. ಕತ್ತೆತ್ತದೆ ಸಹಿ ಹಾಕುವ ಅಧಿಕಾರಿಗಳು ಬೇಕಾದಷ್ಟಿದ್ದರು. ಭಾವ ಮಾತ್ರ ಫೋಟೊ ನೋಡಿ, ಎದುರಿಗಿದ್ದ ಮುಖ ನೋಡಿ, ಮತ್ತೆ ಫೋಟೊ ನೋಡುತ್ತಿದ್ದರು. ಮೀಸೆ ಬೋಳಿಸಿಕೊಂಡು ಬಂದ ಒಬ್ಬನನ್ನು, ಮೀಸೆ ಬಂದ ಮೇಲೆ ಬಾ, ಇಲ್ಲ ಹೊಸ ಫೋಟೊ ತೆಗೆಸಿಕೊಂಡು ಬಾ ಎಂದು ವಾಪಸ್ಸು ಕಳಿಸಿದ್ದು ಬೀದಿಗೆಲ್ಲ ಗೊತ್ತಿತ್ತು.

ಹನ್ನೊಂದನೆಯ ಹಾಳೆಯನ್ನು ಅವರು ಹಾಗೇ ನೋಡಿದರು. ಫೋಟೊ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮುಖ. ಮತ್ತೆ ಫೋಟೊ. ಅಷ್ಟು ಹೊತ್ತು ಅವರು ಬೇರೆ ಯಾವ ಹಾಳೆಯನ್ನೂ ನೋಡಿರಲಿಲ್ಲ.

“ಹೋಲೋದಿಲ್ವಲ್ಲಮ್ಮ. ಇದು ನಿಮ್ದೇ ಅಂತ ನಾನು ಹೇಗೆ ಹೇಳ್ಲಿ? ಬೇರೆ ಫೋಟೊ ತಗೊಂಡ್ ಬನ್ನಿ” ಎಂದರು.

ದನಿಯಲ್ಲಿ ಕೋಪವಿರಲಿಲ್ಲ. ನಿಯಮ ಹೇಳುವವರ ದನಿ ಅದು. ನಾನು ನಕ್ಕುಬಿಟ್ಟೆ. ಅಕ್ಕನೂ ನಕ್ಕಳು. ನಗುತ್ತಲೇ ಎದ್ದು ಒಳಗೆ ಹೋದಳು. ಮಿಕ್ಸಿ ತಿರುಗುವ ಸದ್ದು ಬೇಕಾದದ್ದಕ್ಕಿಂತ ಬಹಳ ಹೊತ್ತು ಕೇಳಿತು.

ಮುಂದಿನ ಎರಡು ವಾರ ಕೆಟ್ಟದಾಗಿದ್ದವು. ಭಾವ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ, ಗೋಡೆ ಹಿಡಿದು ಉಳಿದುಕೊಂಡರು. ಒಳಗೆ ಬರಲು ಹೋದ ಅಕ್ಕನಿಗೆ ಬಾಗಿಲು ಅಡ್ಡ ಹಿಡಿದಿದ್ದರು. ಮಗಳು ಮಹಾಲಕ್ಷ್ಮಿ ಲೇಔಟಿನಿಂದ ಬಂದು, ತಾಯಿಯ ಎದುರು ನೆಲದ ಮೇಲೆ ಕೂತು ಮಾತಾಡಿದಳು. ಕೆಂಗೇರಿಯ ಆಚೆ ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿದೆ, ತಾನು ಹೋಗಿ ನೋಡಿ ಬಂದಿದ್ದೇನೆ, ಚೊಕ್ಕವಾಗಿದೆ, ಶನಿವಾರ ನೀನೂ ಬಂದು ನೋಡು ಎಂದಳು.

“ಬಿದ್ದು ಸೊಂಟ ಮುರ್ಕೊಂಡ್ರೆ ಏನಮ್ಮಾ ಮಾಡ್ತೀಯ?”

“ನೋಡ್ಕೊಂಡ್ ಬರೋಣ” ಎಂದಳು ಅಕ್ಕ. ಅಳಲಿಲ್ಲ. ಅಂಥ ಕಡೆ ಬಟ್ಟೆಗಳು ಅದಲು ಬದಲಾಗುತ್ತವೆ ಎಂದು ಯಾರೋ ಹೇಳಿದ್ದರಂತೆ. ನಾನು ಮಂಗಳವಾರ ಹೋದಾಗ ಅವಳು ಭಾವನ ಅಂಗಿಗಳ ಕಾಲರಿನ ಒಳಗೆ ಕಪ್ಪು ದಾರದಲ್ಲಿ ಅವರ ಹೆಸರಿನ ಮೊದಲ ಅಕ್ಷರವನ್ನು ಹೊಲಿಯುತ್ತಿದ್ದಳು.

ಆ ದಿನ ಸ್ನಾನ ಮಾಡಿಸಿ ಭಾವನನ್ನು ಮಲಗಿಸಿದ ಮೇಲೆ ನನಗೆ ಸುಸ್ತಾಗಿತ್ತು. ಹಜಾರದಲ್ಲಿ ಹತ್ತಿರ ಸಿಕ್ಕ ಕುರ್ಚಿಯಲ್ಲಿ ಕೂತೆ. ಅದು ಭಾವನ ಬೆತ್ತದ ಕುರ್ಚಿ. ಬೇರೆ ಯಾರೂ ಅದರಲ್ಲಿ ಕೂರುತ್ತಿರಲಿಲ್ಲ, ಅಷ್ಟು ವರ್ಷದಲ್ಲಿ ನಾನೂ ಕೂತಿರಲಿಲ್ಲ. ಕೂತರೆ ಮಂಡಿ ಎದೆಯ ಮಟ್ಟಕ್ಕೆ ಬರುವಷ್ಟು ತಗ್ಗು. ಕಿಟಕಿ ಎಡಕ್ಕೆ, ಅಡುಗೆಮನೆಯ ಬಾಗಿಲು ನೇರ ಎದುರಿಗೆ. ಅಕ್ಕ ಒಳಗಿಂದ ಮಜ್ಜಿಗೆ ತಂದು, ಬಾಗಿ, ಲೋಟ ಮುಂದೆ ಹಿಡಿದಳು.

ನನಗೆ ಆ ಅಕ್ಕನ ಪರಿಚಯವಿರಲಿಲ್ಲ. ನಾನು ಅವಳಿಗಿಂತ ಎತ್ತರ. ಅವಳ ಮುಖವನ್ನು ನಾನು ಯಾವಾಗಲೂ ಮೇಲಿನಿಂದ ಅಥವಾ ಸಮನಾಗಿ ನೋಡಿದವನು. ಕೆಳಗಿನಿಂದ ಕಂಡದ್ದು ಬೇರೆಯೇ ಒಂದು ಮುಖ. ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಮೇಲಿನಿಂದ ನೋಡುವ ಕಣ್ಣು, ಅಗಲವಾದ ಗದ್ದ, ಅದರ ಕೆಳಗಿನ ಮಡಿಕೆ, ಬಾಗಿದ್ದರಿಂದ ಮುಂದೆ ಬಂದ ಹಣೆ. ಹಣೆಯ ತುಂಬ ವಿಭೂತಿ.

ಮತ್ತೊಂದು ಸಲ ಹಾಗೇ ಬಾ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಆಗಿಹೋದದ್ದನ್ನು ಕ್ಯಾಮೆರಾಕ್ಕಾಗಿ ಇನ್ನೊಮ್ಮೆ ಮಾಡಿಸಬಾರದು ಎಂಬುದು ನಾವು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತು. ಮಾಡಿಸಿದರೆ ಬಾಗುವ ಬೆನ್ನು ಬೇರೆ, ನೋಡುವ ಕಣ್ಣು ಬೇರೆ. ಕಾಯಬೇಕು, ಅಷ್ಟೆ. ಮೇಜಿನ ಮೇಲಿದ್ದ ಅವಳ ಫೋನು ತೆಗೆದುಕೊಂಡು, ಲೆನ್ಸ್ ಒರೆಸಿ, ಮೊಣಕೈ ಪಕ್ಕೆಗೆ ಒತ್ತಿ, ಅದೇ ಕುರ್ಚಿಯಲ್ಲಿ ಕೂತೆ. ಅರ್ಧ ಗಂಟೆಯಾದ ಮೇಲೆ ಅವಳು ಕಾಫಿ ಹಿಡಿದು ಬಂದಳು.

“ಇನ್ನೂ ಅಲ್ಲೇ ಕೂತಿದ್ದೀಯಾ? ಏಳೋ, ಅವರು ಎದ್ದ್ ಬಂದ್ರೆ ಗಲಾಟೆ ಮಾಡ್ತಾರೆ. ಕಾಫಿ ಹಿಡಿ, ಆರೋಗತ್ತೆ.”

ಒತ್ತಿದೆ.

ಚಂದ್ರಾ ಲೇಔಟಿನಲ್ಲಿ ಫೋಟೊ ಪ್ರಿಂಟ್ ಹಾಕಿಕೊಡುವ ಅಂಗಡಿಯವನಿಗೆ ನಾನು ಹಳೆಯ ಪರಿಚಯ. ಅವನು ಕಂಪ್ಯೂಟರಿನಲ್ಲಿ ಚಿತ್ರ ತೆರೆದು, ನನ್ನ ಮುಖ ನೋಡಿದ.

“ಸಾರ್, ಇದಾ?”

“ಹ್ಞೂಂ.”

“ಕೈ ಶೇಕ್ ಆಗಿದೆ ಸಾರ್. ಲೋಟ ಮುಖಕ್ಕಿಂತ ದೊಡ್ಡದಿದೆ. ಒಂದ್ ಕಡೆ ಮುಖ ಕತ್ಲೆ. ಲೈಟ್ ಎತ್ಲಾ? ಹಣೆ ಮೇಲ್ ಬಿಳಿ ಹೊಡ್ದಿದೆ, ಕಮ್ಮಿ ಮಾಡ್ಲಾ? ಎರಡ್ ನಿಮಿಷ.”

“ಏನೂ ಮುಟ್ಬೇಡಪ್ಪ. ಹಂಗೇ ಹಾಕು.”

“ನೀವೇ ತೆಗ್ದಿದ್ದಾ ಸಾರ್?”

“ಹೌದು.”

ಅವನು ಪ್ರಿಂಟ್ ಒತ್ತಿದ. ನಿವೃತ್ತಿಯಾದ ಮೇಲೆ ಸಾರ್ ಕೈ ಕೆಟ್ಟಿದೆ ಎಂದುಕೊಂಡಿರಬೇಕು. ಅವನು ಹೇಳಿದ ದೋಷಗಳೆಲ್ಲ ಅದರಲ್ಲಿದ್ದವು. ಅಷ್ಟೂ ಬೇಕಾಗಿದ್ದವು ಎಂದು ಅವನಿಗೆ ವಿವರಿಸುವಷ್ಟು ನನಗೂ ಆಗ ಖಾತ್ರಿಯಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದನೆಯ ಹಾಳೆಯ ಹಳೆಯ ಚಿತ್ರ ಕಿತ್ತು ಹೊಸದನ್ನು ಅಂಟಿಸಿದೆ. ಅಕ್ಕನಿಗೆ ತೋರಿಸಲಿಲ್ಲ. ಆಲ್ಬಮನ್ನು ಭಾವನ ತೊಡೆಯ ಮೇಲಿಟ್ಟು ನಾನೇ ಹಾಳೆ ತಿರುಗಿಸಿದೆ. ಬ್ಯಾಂಕಿನವಳು, ಪೇಪರಿನವನು, ಹೂವಿನವಳು ಎಲ್ಲರೂ ಆದರು. ಹನ್ನೊಂದನೆಯದು ಬಂದಾಗ ಭಾವ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

“ಯಾರು ಭಾವ?”

“ಇವಳಾ?” ಎಂದರು. “ಈಗ ಬೈತಾಳೆ ನೋಡು.”

“ಯಾಕೆ?”

“ಕಾಫಿ ಆರೋಗತ್ತೆ ಕುಡೀರಿ, ಎಷ್ಟ್ ಸಲ ಹೇಳೋದು ಅಂತ.”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಲೋಟವಿತ್ತು. ಅವಳು ಬಂದು, ಅಭ್ಯಾಸದಂತೆ ಬಾಗಿ, ಅದನ್ನು ಅವರ ಮುಂದೆ ಹಿಡಿದಳು. ಭಾವ ಫೋಟೊ ನೋಡಿದರು. ಮುಖ ನೋಡಿದರು. ಮತ್ತೆ ಫೋಟೊ ನೋಡಲಿಲ್ಲ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು.

“ಏನೇ, ಸಕ್ರೆ ಹಾಕಿಲ್ವಾ?”

‘ಅಮ್ಮಾ’ ಎಂದು, ‘ನೀವು’ ಎಂದು ಕರೆಸಿಕೊಳ್ಳತೊಡಗಿ ಒಂದು ವರ್ಷದ ಮೇಲಾಗಿತ್ತು ಅವಳಿಗೆ. “ಡಾಕ್ಟ್ರು ಬೇಡ ಅಂದಿದಾರಲ್ರೀ” ಎಂದಳು. ದನಿ ಸರಿಯಾಗೇ ಇತ್ತು. ಸಕ್ಕರೆ ತರುತ್ತೇನೆ ಎಂದು ಒಳಗೆ ಹೋದಳು. ಆಮೇಲೆ ಮಗಳಿಗೆ ಫೋನ್ ಮಾಡಿದ್ದು ಕೇಳಿಸಿತು. “ನಾಳೆ ಬೇಡ ಕಣೇ. ನೋಡೋಣ, ಇನ್ನೊಂದಷ್ಟ್ ದಿನ” ಎನ್ನುತ್ತಿದ್ದಳು.

ಭಾವ ಮಧ್ಯಾಹ್ನ ಮಲಗಿದ ಮೇಲೆ ಅವಳು ಆಲ್ಬಮ್ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ನಾನು ಹಿಂಗಾ ಕಾಣೋದು ಅವ್ರಿಗೆ?”

“ಹ್ಞೂಂ.”

“ಥೂ, ಮೂಗಿನ್ ಹೊಳ್ಳೆ ಎಲ್ಲಾ ಕಾಣ್ಸತ್ತೆ.” ಮತ್ತೆ ನೋಡಿದಳು. “ನಲವತ್ತಾರು ವರ್ಷ ಇದನ್ನೇ ನೋಡ್ಕೊಂಡ್ ಕಾಫಿ ಕುಡ್ದಿದಾರಾ ಪಾಪ.”

“ಬೇರೆ ತೆಗೀಲಾ?”

“ಮುಟ್ಟಿದ್ರೆ ಕೈ ಮುರೀತೀನಿ” ಎಂದಳು.

ಇದರಿಂದ ಭಾವ ಗುಣವಾದರು ಎಂದು ಬರೆದರೆ ಅದು ಸುಳ್ಳು ವರದಿ. ವಾರದಲ್ಲಿ ಕೆಲವು ದಿನ ಆಲ್ಬಮ್ ನೋಡಿದ ಮೇಲೆ ಅಕ್ಕನ ಜೊತೆ ಬಚ್ಚಲಿಗೆ ಹೋಗುತ್ತಾರೆ, ಕೆಲವು ದಿನ ಇಲ್ಲ. ಹೋಗದ ದಿನ ನನಗೆ ಫೋನ್ ಬರುತ್ತದೆ. ಕೆಂಗೇರಿಯ ಆಚೆಯ ಮನೆಯ ವಿಳಾಸ ಮಗಳ ಹತ್ತಿರ ಹಾಗೇ ಇದೆ, ಒಂದು ದಿನ ಬೇಕಾಗಬಹುದು. ಅಕ್ಕ ಈಗ ಯಾರದೇ ಫೋಟೊ ತೆಗೆಯುವ ಮೊದಲು, ಇದನ್ನು ನೋಡುವವರು ಯಾರು, ಅವರು ಈ ಮನುಷ್ಯನನ್ನು ಎಲ್ಲಿಂದ ನೋಡುತ್ತಾರೆ ಎಂದು ಕೇಳಿಕೊಳ್ಳುತ್ತಾಳೆ. ಅಜ್ಜನಿಗೆ ತೋರಿಸಲು ಮೊಮ್ಮಗನ ಫೋಟೊ ತೆಗೆಯುವಾಗ ಭಾವನ ಕುರ್ಚಿಯಲ್ಲೇ ಕೂತು ತೆಗೆದಳು. ನನ್ನ ವಿಭಾಗದಲ್ಲಿ ಯಾರೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ, ನಾನೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಹೋದ ವಾರ ನಾನು ಅಲ್ಲಿದ್ದಾಗ ನಡೆದದ್ದು ಇದು. ಸ್ನಾನಕ್ಕೆ ನೀರು ಕಾದಿತ್ತು. ಭಾವ ತಮ್ಮ ಕುರ್ಚಿಯಲ್ಲಿ ಆಲ್ಬಮ್ ಹಿಡಿದು ಕೂತಿದ್ದರು. ಟವೆಲ್ ಹೆಗಲಿಗೆ ಹಾಕಿಕೊಂಡು ಎದುರಿಗೆ ನಿಂತ ಅಕ್ಕನನ್ನು ತಲೆಯೆತ್ತಿ ನೋಡಿ, ಬಂದವರನ್ನು ಮಾತಾಡಿಸಬೇಕಲ್ಲ ಎಂಬಂತೆ, ಹನ್ನೊಂದನೆಯ ಹಾಳೆಯನ್ನು ಅವಳ ಕಡೆ ತಿರುಗಿಸಿದರು.

“ಇವಳು ನಮ್ಮನೇವಳು. ನೀವು ನೋಡಿದೀರಾ?”

ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಬಗ್ಗದೆ, ನಿಂತೇ, ಫೋಟೊ ನೋಡಿದಳು.

“ಇಲ್ಲ. ಹೆಂಗಿದಾರೆ?”

“ಬೈತಾಳೆ” ಎಂದರು ಭಾವ. ಸ್ವಲ್ಪ ಯೋಚಿಸಿದರು. “ಆದ್ರೆ ಅವಳಿಲ್ದಿದ್ರೆ ಆಗಲ್ಲ.”

“ಸ್ನಾನಕ್ಕೆ ನೀರು ರೆಡಿ ಇದೆ. ಹೋಗೋಣ್ವಾ?”

“ನಿಮ್ ಜೊತೆ ಹೆಂಗಮ್ಮಾ ಬರೋದು? ಅವಳು ಬರ್ಲಿ.”

ಅಕ್ಕ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟಳು. ಅಡುಗೆಮನೆಯೊಳಗೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕವನ್ನು ಬೆರಳಿನಿಂದ ಮೂಗಿನ ತುದಿಗೆ ಎಳೆದುಕೊಂಡು, ಖಾಲಿ ಲೋಟವೊಂದನ್ನು ಹಿಡಿದು ಅದೇ ಬಾಗಿಲಿನಿಂದ ಮತ್ತೆ ಬಂದಳು. ಕುರ್ಚಿಯ ಮುಂದೆ ನಿಂತು, ಕಿಟಕಿಯ ಬೆಳಕು ಹಣೆಗೆ ಬೀಳುವಂತೆ ಬಾಗಿದಳು.

“ಎಷ್ಟ್ ಸಲ ಕರೀಬೇಕ್ರೀ ನಿಮ್ಮನ್ನ? ನೀರು ಆರೋಗ್ತಾ ಇದೆ.”

ಭಾವ ಆಲ್ಬಮ್ ಮುಚ್ಚಿ ಪಕ್ಕಕ್ಕಿಟ್ಟರು. “ಬಂದ್ಯಾ?” ಎಂದು, ಎದ್ದು ನಿಲ್ಲಲು ಅವಳ ಕಡೆಗೆ ಕೈ ಚಾಚಿದರು.